ನಗರದ ಕೊಳಚೆ, ಹಳ್ಳಿಯ ಕೆರೆ: ಕೇಳಬೇಕಾದದ್ದು ಯಾರನ್ನು?

ಪ್ರಶ್ನೆ: ನಮ್ಮ ಜಮೀನು ಬೈರಮಂಗಲ ಕೆರೆಯ ಅಚ್ಚುಕಟ್ಟಿನಲ್ಲಿದೆ. ಬೆಂಗಳೂರಿನ ಕೊಳಚೆ ವೃಷಭಾವತಿಯಲ್ಲಿ ಹರಿದು ಬಂದು ನಮ್ಮ ಹೊಲಗದ್ದೆ ಸೇರುತ್ತಿದೆ. ದೂರು ಕೊಟ್ಟರೆ ಒಂದು ಕಚೇರಿಯವರು ಇನ್ನೊಂದು ಕಚೇರಿಯತ್ತ ಕೈ ತೋರಿಸುತ್ತಾರೆ. ಇಷ್ಟೊಂದು ಕಾನೂನುಗಳಿದ್ದೂ ಹೀಗೇಕೆ?
– ಓದುಗರೊಬ್ಬರು, ಬಿಡದಿ ಹೋಬಳಿ

ಉತ್ತರ: ನಿಮಗೆ ಈ ಸ್ಥಿತಿ ಬಂದಿರುವುದು ಕಾನೂನಿನ ಕೊರತೆಯಿಂದಲ್ಲ, ಒಂದು ಹೊಳೆಯನ್ನು ತುಂಡು ತುಂಡಾಗಿ ಹಂಚಿಕೊಂಡ ಆಡಳಿತದಿಂದ. ಬಸವನಗುಡಿಯ ಬಳಿ ಹುಟ್ಟುವ ವೃಷಭಾವತಿ ಕೆಂಗೇರಿಯನ್ನು ದಾಟಿ ಬೈರಮಂಗಲಕ್ಕೆ ಬಂದು, ಮುಂದೆ ಅರ್ಕಾವತಿಯನ್ನು ಕೂಡಿಕೊಂಡು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ನಗರದೊಳಗೆ ಅದು ರಾಜಕಾಲುವೆ, ಆದ್ದರಿಂದ ಪಾಲಿಕೆಯ ಹೊಣೆ. ಅದಕ್ಕೆ ಬೀಳುವ ಒಳಚರಂಡಿ ನೀರು ಜಲಮಂಡಳಿಯದು. ಕಾರ್ಖಾನೆಗಳ ತ್ಯಾಜ್ಯದ ಮೇಲೆ ಕಣ್ಣಿಡಬೇಕಾದದ್ದು ಮಾಲಿನ್ಯ ನಿಯಂತ್ರಣ ಮಂಡಳಿ. ಎಲ್ಲಿ ಯಾವ ಬಡಾವಣೆ ಏಳಬೇಕೆಂದು ನಕ್ಷೆ ಬರೆಯುತ್ತಾ ಬಂದದ್ದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ). 1940ರ ದಶಕದಲ್ಲಿ ಬೇಸಾಯಕ್ಕೆಂದೇ ಕಟ್ಟಿದ ನಿಮ್ಮ ಜಲಾಶಯ ನೀರಾವರಿ ಇಲಾಖೆಗೆ ಸೇರಿದ್ದು. ಇವರಲ್ಲಿ ಪ್ರತಿಯೊಬ್ಬರೂ ತಮ್ಮ ಕಡತದ ಮಟ್ಟಿಗೆ ಸರಿಯಾಗಿಯೇ ಇರಬಹುದು. ಆದರೆ ತೂಬಿನ ಕೆಳಗೆ ನೊರೆ ಆಳೆತ್ತರಕ್ಕೆ ಉಕ್ಕಿ, ಗಾಳಿಗೆ ಹಾರಿ ಮೇವಿನ ಹುಲ್ಲಿನ ಮೇಲೆ ಕೂರುವಾಗ, ಆ ನೊರೆಗೆ ಉತ್ತರ ಹೇಳಬೇಕಾದವರ ಹೆಸರು ಯಾವ ಕಡತದಲ್ಲೂ ಸಿಗುವುದಿಲ್ಲ.

ಒಂದು ಲೆಕ್ಕ ನೋಡಿ. ಕಾವೇರಿ ಐದನೇ ಹಂತದ ಯೋಜನೆ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಪಾಲಿಕೆಗೆ ಸೇರಿದ 110 ಹಳ್ಳಿಗಳಿಗಾಗಿ, ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ಮೇಲೆತ್ತಿ ತರುವ ಯೋಜನೆ ಅದು. ಮನೆಗೆ ಬಂದ ನೀರಿನಲ್ಲಿ ಶೇ 80ರಷ್ಟು ಕೊಳಚೆಯಾಗಿ ಹೊರಬೀಳುತ್ತದೆಂಬುದು ಎಂಜಿನಿಯರುಗಳು ಹಿಡಿಯುವ ಅಂದಾಜು. ಅಂದರೆ, ಪೂರ್ತಿ ನೀರು ಹರಿದ ದಿನ 62 ಕೋಟಿ ಲೀಟರ್ ಹೊಸ ಕೊಳಚೆ ಯಾವುದಾದರೂ ಕಣಿವೆಗೆ ಇಳಿಯಲೇಬೇಕು. ನೀರು ತರುವ ತೀರ್ಮಾನ ನಗರದ ಅನುಕೂಲಕ್ಕೆ ಆಗುತ್ತದೆ; ಅದರ ಫಲ ಉಣ್ಣುವ ಕೆಳಗಿನ ಊರುಗಳಿಗೆ ಆ ತೀರ್ಮಾನದಲ್ಲಿ ಮಾತೇ ಇರುವುದಿಲ್ಲ. ನನ್ನ ಮಟ್ಟಿಗೆ ಸುಸ್ಥಿರ ಅಭಿವೃದ್ಧಿಯ ಪ್ರಶ್ನೆ ಇರುವುದು ಇಲ್ಲಿಯೇ.

ಈ ಮಾತಿಗೊಂದು ಜಾಗವನ್ನು ಸಂವಿಧಾನ ಆಗಲೇ ಮಾಡಿಕೊಟ್ಟಿದೆ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿಯ 243 ಝಡ್‌ಇ ವಿಧಿಯ ಪ್ರಕಾರ ಪ್ರತಿ ಮಹಾನಗರ ಪ್ರದೇಶಕ್ಕೂ ಒಂದು ಮಹಾನಗರ ಯೋಜನಾ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಮೂರನೇ ಎರಡರಷ್ಟಾದರೂ ಮಂದಿಯನ್ನು ಆ ಪ್ರದೇಶದ ನಗರಸಂಸ್ಥೆಗಳ ಚುನಾಯಿತ ಸದಸ್ಯರು ಮತ್ತು ಪಂಚಾಯಿತಿ ಅಧ್ಯಕ್ಷರು ತಮ್ಮೊಳಗಿನಿಂದಲೇ ಆರಿಸಬೇಕು. ನೀರು ಮತ್ತಿತರ ಪ್ರಾಕೃತಿಕ ಸಂಪನ್ಮೂಲಗಳ ಹಂಚಿಕೆ ಆ ಸಮಿತಿಯ ಕೆಲಸವೆಂದು ವಿಧಿಯಲ್ಲೇ ಬರೆದಿದೆ. ಮಹಾನಗರ ಪ್ರದೇಶದ ಗಡಿಯನ್ನು ಕಣಿವೆಯ ಉದ್ದಕ್ಕೆ ಎಳೆದರೆ ನಿಮ್ಮ ಪಂಚಾಯಿತಿ ಅಧ್ಯಕ್ಷರಿಗೂ ಅಲ್ಲಿ ಕೂರುವ ಅವಕಾಶವಿದೆ. ಬೆಂಗಳೂರಿಗೆ ಇಂಥ ಸಮಿತಿ ರಚನೆಯಾದದ್ದೇ 2014ರಲ್ಲಿ. ನಗರದ ದಿಕ್ಕನ್ನು ನಿರ್ಧರಿಸುವ ಕೆಲಸ ಅದರ ಕೈಗೆ ಬರಲಿಲ್ಲ. 2031ನ್ನು ಗುರಿಯಾಗಿಟ್ಟ ಮಾಸ್ಟರ್ ಪ್ಲಾನ್ ಕರಡನ್ನು ಬಿಡಿಎ 2017ರಲ್ಲಿ ಪ್ರಕಟಿಸಿತು, 2020ರಲ್ಲಿ ಅದನ್ನೂ ಹಿಂದಕ್ಕೆ ಪಡೆಯಲಾಯಿತು. ಹೀಗಾಗಿ 2007ರಲ್ಲಿ ಒಪ್ಪಿಗೆ ಪಡೆದ ನಕ್ಷೆಯನ್ನೇ ಹಿಡಿದು ನಗರ ಬೆಳೆಯುತ್ತಾ ಬಂತು.

ಪ್ರಶ್ನೆ: ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನೇ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಹರಿಸಿದ್ದಾರೆ. ಇದು ನಗರ ಮತ್ತು ಹಳ್ಳಿ ಕೂಡಿ ಬದುಕುವ ಮಾದರಿಯಲ್ಲವೇ?
– ಓದುಗರೊಬ್ಬರು, ಕೋಲಾರ

ಉತ್ತರ: ಅರ್ಧ ಮಾದರಿ ಹೌದು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆಯಲ್ಲಿ, ಒಣಗಿದ್ದ ಕೆರೆಗಳು ತುಂಬಿದ್ದನ್ನೂ ಸತ್ತ ಕೊಳವೆಬಾವಿಗಳಲ್ಲಿ ನೀರು ಕಂಡದ್ದನ್ನೂ ಯಾರೂ ಹಗುರವಾಗಿ ಕಾಣಬಾರದು. ಆದರೆ 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದು, ಕೆಲವೇ ವಾರಗಳಲ್ಲಿ ನೊರೆ ಕಾಣಿಸಿಕೊಂಡಾಗ, ಹರಿವನ್ನು ನಿಲ್ಲಿಸಲು ಹೈಕೋರ್ಟೇ ಬರಬೇಕಾಯಿತು. ಬಳಿಕ ನೀರು ಮತ್ತೆ ಹರಿಯಿತು, ನಿಜ. ಶುದ್ಧೀಕರಣ ಸಾವಯವ ಕೊಳೆಯನ್ನು ತೆಗೆಯುವ ಎರಡನೇ ಹಂತದಲ್ಲೇ ನಿಲ್ಲಬೇಕೇ, ಸಾರಜನಕ, ರಂಜಕದಂಥವನ್ನೂ ತೆಗೆಯುವ ಮೂರನೇ ಹಂತಕ್ಕೆ ಹೋಗಬೇಕೇ ಎಂಬ ವಾದ ಮಾತ್ರ ಮುಗಿದಿಲ್ಲ; ಮೂರನೆಯದೇ ಬೇಕೆಂಬ ಕೋಲಾರದವರ ಬೇಡಿಕೆ ನ್ಯಾಯವಾದದ್ದೆಂದು ನಾನು ಭಾವಿಸುತ್ತೇನೆ. ಶುದ್ಧೀಕರಿಸುವುದು ಜಲಮಂಡಳಿ, ಹರಿಸುವುದು ಸಣ್ಣ ನೀರಾವರಿ ಇಲಾಖೆ. ಕೆರೆಯ ನೀರಿನ ಪರೀಕ್ಷಾ ವರದಿ ಪ್ರತಿ ತಿಂಗಳೂ ಗ್ರಾಮಸಭೆಯ ಮುಂದೆ ಬರಬೇಕು, ವರದಿ ಕೆಟ್ಟಿದ್ದರೆ ಪಂಪು ನಿಲ್ಲಿಸಿ ಎನ್ನುವ ಅಧಿಕಾರ ಊರಿನವರಿಗೆ ಇರಬೇಕು. ಅಲ್ಲಿಯವರೆಗೂ ಇದು ಕೊಟ್ಟವರ ಯೋಜನೆಯಾಗಿಯೇ ಉಳಿಯುತ್ತದೆ.

ಪ್ರಶ್ನೆ: ಬೆಂಗಳೂರಿಗೆ ಈಗ ಐದು ಪಾಲಿಕೆಗಳಾಗಿವೆ. ಇದರಿಂದ ಪರಿಸ್ಥಿತಿ ಸುಧಾರಿಸುತ್ತದೆಯೇ?
– ಓದುಗರೊಬ್ಬರು, ರಾಜರಾಜೇಶ್ವರಿನಗರ

ಉತ್ತರ: 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ ಈ ಐದು ಪಾಲಿಕೆಗಳು 2025ರ ಸೆಪ್ಟೆಂಬರಿನಲ್ಲಿ ಅಸ್ತಿತ್ವಕ್ಕೆ ಬಂದವು. ಬಿಡಿಎ, ಜಲಮಂಡಳಿಗಳನ್ನು ಒಂದೇ ಮೇಜಿನ ಸುತ್ತ ಕೂರಿಸುವ ಪ್ರಾಧಿಕಾರವೊಂದು ಬಂದಿರುವುದು ಒಳ್ಳೆಯದೇ. ಆದರೆ ಅದರ ಅಧ್ಯಕ್ಷರು ಮುಖ್ಯಮಂತ್ರಿಗಳು, ಮೇಯರುಗಳು ಅದರಲ್ಲಿ ಸದಸ್ಯರು ಮಾತ್ರ. ಮೊದಲಿದ್ದ ಒಂದೇ ಪಾಲಿಕೆ ಬಿಬಿಎಂಪಿಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದಿತ್ತು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. 2025ರ ಕೊನೆಯವರೆಗೂ ನಗರದ ಪಾಲಿಕೆಗಾಗಲಿ ಈ ಪಂಚಾಯಿತಿಗಳಿಗಾಗಲಿ ಚುನಾವಣೆ ನಡೆದಿರಲಿಲ್ಲ. ಕಾರ್ಪೊರೇಟರುಗಳೇ ಇಲ್ಲದಿದ್ದರೆ ಯೋಜನಾ ಸಮಿತಿಗೆ ನಗರದ ಪರವಾಗಿ ಆರಿಸಿ ಕಳಿಸುವವರು ಯಾರು? ನಿಮ್ಮ ಬಡಾವಣೆಯ ರಾಜಕಾಲುವೆ ಹರಿಯುವುದು ವೃಷಭಾವತಿಗೆ, ಅಂದರೆ ಮೇಲಿನ ಬಿಡದಿಯ ಓದುಗರ ಕೆರೆಗೆ. ವಾರ್ಡಿನಲ್ಲಿ ಮತ ಕೇಳಲು ಬರುವವರ ಮುಂದೆ, ರಸ್ತೆ ಗುಂಡಿಯ ಜೊತೆಗೆ, ನಮ್ಮ ಮನೆಯ ಕೊಳಚೆ ಯಾವ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ, ಹೋಗುತ್ತದೆಯೇ ಇಲ್ಲವೇ ಎಂಬುದನ್ನೂ ಕೇಳಿ.