ಅಪವರ್ತನ ಸಿಗುವ ಮೊದಲೇ ಸಂಯುಕ್ತವೆಂದು ತಿಳಿಯುವುದು ಹೇಗೆ?
ಯಾದಗಿರಿಯ ಮಿತ್ರರೇ, 2ರ 67ನೆಯ ಘಾತದಿಂದ 1 ಕಳೆದಾಗ ಬರುವ 147573952589676412927 ಎಂಬ ಸಂಖ್ಯೆಯ ಅಪವರ್ತನಗಳು ಸಿಗುವ ಮೊದಲೇ ಅದು ಸಂಯುಕ್ತವೆಂದು, ಅಂದರೆ ಅವಿಭಾಜ್ಯವಲ್ಲವೆಂದು, ಫ್ರೆಂಚ್ ಗಣಿತಜ್ಞ ಲೂಕಾ 1876ರಲ್ಲಿ ಹೇಗೆ ತೋರಿಸಿದರೆಂದು ತಾವು ಕೇಳಿದ್ದೀರಿ. ಅವರು ಹುಡುಕಿದ್ದು ಅಪವರ್ತನವನ್ನಲ್ಲ, ಶೇಷವನ್ನು. ಆ ಪರೀಕ್ಷೆಯ ಇಂದಿನ ರೂಪದಲ್ಲಿ 4ರಿಂದ ಆರಂಭಿಸಿ, ಪ್ರತಿ ಸಲವೂ ವರ್ಗ ಮಾಡಿ 2 ಕಳೆದು, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳುತ್ತ 65 ಸಲ, ಅಂದರೆ ಘಾತಕ್ಕಿಂತ 2 ಕಡಿಮೆ ಸಲ, ಸಾಗಬೇಕು. ಕೊನೆಗೆ ಸೊನ್ನೆ ಬಾರದಿದ್ದರೆ ಸಂಖ್ಯೆ ಅವಿಭಾಜ್ಯವಲ್ಲ. ಇಲ್ಲಿ ಕಲಬುರಗಿಯಲ್ಲಿ ಮಕ್ಕಳಿಗೆ ನಾನು 2ರ 11ನೆಯ ಘಾತದಿಂದ 1 ಕಳೆದ 2047ನ್ನು ಕೊಡುತ್ತೇನೆ, ಕರೆಂಟ್ ಹೋದರೂ ಒಂದೇ ಹಾಳೆಯಲ್ಲಿ ಮುಗಿಯುತ್ತದೆ: 4, 14, 194, 788, 701, 119, 1877, 240, 282, 1736. 9 ಸಲ ಸಾಗಿದರೂ ಕೊನೆಗೆ ಸೊನ್ನೆ ಬರಲಿಲ್ಲ, 2047ರ ಅಪವರ್ತನಗಳಾದ 23 ಮತ್ತು 89ರ ಸುಳಿವೇ ಬೇಕಾಗಲಿಲ್ಲ. ತಾವು ಕೇಳಿದ ಸಂಖ್ಯೆಯ ಅಪವರ್ತನಗಳಾದ 193707721 ಹಾಗೂ 761838257287ನ್ನು ಅಮೆರಿಕದ ಗಣಿತಜ್ಞ ಕೋಲ್ ತೋರಿಸಿದ್ದು 1903ರಲ್ಲಿ.