ಚಿಕ್ಕಂದಿನಲ್ಲಿ ಹೊಗಳಿದರೆ ಮಗುವಿನ ಚಿತ್ರಕಲೆ ಬೆಳೆಯುತ್ತಾ, ಬೈದರೆ ಬಾಡುತ್ತಾ?

ಎರಡೂ ಪರಿಣಾಮ ಬೀರುತ್ತವೆ, ಆದರೆ ಲೆಕ್ಕ ಅಷ್ಟು ಸರಳ ಅಲ್ಲ. ಮಗುವಿನ ಗಮನ ಎಲ್ಲಿಗೆ ಹೋಗುತ್ತದೆ ಅನ್ನುವುದು ಮುಖ್ಯ: ಬಿಡಿಸುತ್ತಿರುವ ಚಿತ್ರದ ಮೇಲೋ, ನೋಡುವವರ ಮುಖದ ಮೇಲೋ?

1973ರಲ್ಲಿ ಪ್ರಕಟವಾದ ಒಂದು ಪ್ರಯೋಗ, ಹೊಗಳಿಕೆಯ ಬದಲು ಬಹುಮಾನ ಇಟ್ಟು, ಇಂಥದ್ದನ್ನೇ ತೋರಿಸುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ, ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟವಿದ್ದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ಮಾತ್ರ, ‘ಬಿಡಿಸಿದರೆ ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡ್ತೀವಿ’ ಎಂದು ಮುಂಚೆಯೇ ಹೇಳಿದರು. ಒಂದೆರಡು ವಾರ ಕಳೆದ ಮೇಲೆ ನೋಡಿದರೆ, ಆ ಮಕ್ಕಳು ತಾವಾಗಿಯೇ ಸ್ಕೆಚ್ ಪೆನ್ ಹಿಡಿಯುವ ಸಮಯ ಉಳಿದವರಿಗಿಂತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಮುಂಚೆ ಏನೂ ಹೇಳದೆ, ಬಿಡಿಸಿದ ಮೇಲೆ ಅಚಾನಕ್ಕಾಗಿ ಬಹುಮಾನ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಆಟ ಕೂಲಿಯಾದರೆ ಸುಮ್ನೆ ಯಾರು ಆಡುತ್ತಾರೆ, ಅಲ್ವಾ?

ಬೈಗುಳದ ದಾರಿಯೂ ಇದೇ. ‘ಆನೆ ಹೀಗಿರುತ್ತಾ?’ ಎಂದು ನಕ್ಕರೆ ಮಗು ಆನೆಯನ್ನು ತಿದ್ದುವುದು ಕಡಿಮೆ, ಪುಸ್ತಕ ಮುಚ್ಚುವುದೇ ಜಾಸ್ತಿ. ‘ಸೊಂಡಿಲು ಯಾಕಿಷ್ಟು ಉದ್ದ?’ ಎಂದು ಕೇಳಿ ನೋಡಿ. ಅರ್ಧ ಗಂಟೆ ಕಥೆ ಕೇಳಬೇಕಾಗುತ್ತದೆ.