ರೈಲು ನಿಲ್ದಾಣದ ಪ್ಲಾನ್‌ಗೆ ಪಂಚಾಯತ್ ಒಪ್ಪಿಗೆ ಬೇಡವೇ?

ನೀವು ಕೇಳಿದ್ದು ಇಷ್ಟು: ಕಾಸರಗೋಡು ಜಿಲ್ಲೆಯ ನಿಮ್ಮೂರಲ್ಲಿ ರೈಲು ನಿಲ್ದಾಣ ಹೊಸದಾಗುತ್ತಿದೆ. ಮನೆಗೆ ಒಂದು ಕೋಣೆ ಹೆಚ್ಚು ಕಟ್ಟಲಿಕ್ಕೂ ಪಂಚಾಯತಿಗೆ ಪ್ಲಾನ್ ಕೊಡಬೇಕು, ಇಷ್ಟು ದೊಡ್ಡ ಕೆಲಸಕ್ಕೆ ಬೇಡವೇ? ಇಂಗ್ಲೆಂಡಿನಲ್ಲಿ ನಿಲ್ದಾಣದ ವಿನ್ಯಾಸವನ್ನು ಊರಿನ ಕೌನ್ಸಿಲ್ ನೋಡಿ ಒಪ್ಪಬೇಕಂತೆ, ಹೌದೇ?

ಮೊದಲನೆಯದಕ್ಕೆ ಉತ್ತರ: ಬೇಡ. ನಾನು ಈ ಜಿಲ್ಲೆಯ ಪಂಚಾಯತ್‌ಗಳಲ್ಲಿ ಓವರ್ಸಿಯರ್ ಆಗಿದ್ದು ನಿವೃತ್ತನಾದವನು. ಮನೆ ಪ್ಲಾನ್‌ಗಳನ್ನು ರಾಶಿ ರಾಶಿ ನೋಡಿದ್ದೇನೆ, ರಸ್ತೆ ಬದಿಗೆ ಜಾಗ ಬಿಡಲಿಲ್ಲ ಅಂತ ಬರೆದು ನೆಂಟರಿಂದಲೂ ಬೈಸಿಕೊಂಡಿದ್ದೇನೆ. ರೈಲು ನಿಲ್ದಾಣದ ಪ್ಲಾನ್ ಮಾತ್ರ ಒಂದು ದಿನವೂ ಒಪ್ಪಿಗೆ ಕೇಳಿಕೊಂಡು ನನ್ನ ಮೇಜಿಗೆ ಬರಲಿಲ್ಲ.

1989ರ ರೈಲ್ವೆ ಕಾಯ್ದೆಯ 11ನೇ ಸೆಕ್ಷನ್ ಶುರುವಾಗುವುದೇ ಬೇರೆ ಯಾವ ಕಾನೂನಿನಲ್ಲಿ ಏನೇ ಇದ್ದರೂ ಎಂಬರ್ಥದ ಮಾತಿನಿಂದ. ರೈಲ್ವೆ ತಾನೇ ಕಟ್ಟಿಕೊಳ್ಳಬಹುದಾದ ಕೆಲಸಗಳ ಪಟ್ಟಿ ಅದರಲ್ಲಿದೆ; ಹಳಿ, ಸೇತುವೆಯ ಜೊತೆಗೆ ನಿಲ್ದಾಣ, ಆಫೀಸು, ಗೋದಾಮು ಎಲ್ಲ ಅದರೊಳಗೆ ಬಂತು. ಸಂವಿಧಾನದ 12ನೇ ಪರಿಚ್ಛೇದದಲ್ಲಿ ಕಟ್ಟಡ ನಿಯಂತ್ರಣ ನಗರಸಭೆಗಳ ವಿಷಯ ಅಂತ ಇದೆ, ನಿಜ. ಆದರೆ ರೈಲ್ವೆ ಕೇಂದ್ರದ ಪಟ್ಟಿಯಲ್ಲಿದೆ. ಹಾಗಾಗಿ ನಮ್ಮ ನಿಲ್ದಾಣಗಳ ಕಾಗದ ಓಡಾಡುವುದು ರೈಲ್ವೆಯ ಪಾಲಕ್ಕಾಡ್ ಡಿವಿಜನ್ ಮತ್ತು ಚೆನ್ನೈಯ ದಕ್ಷಿಣ ರೈಲ್ವೆ ಕೇಂದ್ರ ಕಚೇರಿಯ ನಡುವೆ. ಹಳಿ ದಾಟುವ ಮೇಲ್ಸೇತುವೆ ಇದ್ದರೆ ರೈಲ್ವೆ ಸುರಕ್ಷತಾ ಆಯುಕ್ತರ ಮಂಜೂರಿ ಬೇಕು. ಪಂಚಾಯತ್ ಸೆಕ್ರೆಟರಿಯ ಮೇಜು ಆ ದಾರಿಯಲ್ಲಿ ಸಿಗುವುದಿಲ್ಲ.

ಇಂಗ್ಲೆಂಡಿನ ಸಂಗತಿ ನೀವು ಕೇಳಿದ್ದು ಅರ್ಧ ಸರಿ. ಅಲ್ಲಿನ ಎಚ್‌ಎಸ್2 ಹೈಸ್ಪೀಡ್ ಮಾರ್ಗದ 2017ರ ಕಾಯ್ದೆಯಲ್ಲಿ 17ನೇ ಅನುಸೂಚಿ ಅಂತ ಒಂದಿದೆ, ವಿನ್ಯಾಸ ಊರ ಕೌನ್ಸಿಲ್‌ನ ಮುಂದೆ ಹೋಗುವುದು ಅದರ ಪ್ರಕಾರ. ಆದರೆ ನಿಲ್ದಾಣ ಬರಬೇಕೋ ಬೇಡವೋ ಎಂಬುದನ್ನು ಪಾರ್ಲಿಮೆಂಟೇ ತೀರ್ಮಾನಿಸಿಯಾಗಿದೆ. ಬರ್ಮಿಂಗ್‌ಹ್ಯಾಮಿನ ಕರ್ಜನ್ ಸ್ಟ್ರೀಟ್ ನಿಲ್ದಾಣವೇ ಬೇಡ ಅಂತ ಆ ಊರ ಕೌನ್ಸಿಲ್ ಹೇಳುವ ಹಾಗಿಲ್ಲ. ಕಟ್ಟಡದ ಹೊರನೋಟ ಸುತ್ತಲಿಗೆ ಒಗ್ಗುತ್ತದೆಯೇ, ರಸ್ತೆಯ ಓಡಾಟಕ್ಕೆ ತೊಂದರೆಯೇ, ಹಳೆಯ ಅವಶೇಷಗಳಿಗೆ ಧಕ್ಕೆಯೇ, ಇಂಥ ಕೆಲವೇ ಕಾರಣ ತೋರಿಸಿ ಬದಲಿಸಿ ಅನ್ನಬಹುದು. ಆ ಬದಲಾವಣೆ ಆಗುವಂಥದ್ದೂ ಇರಬೇಕು. ಅಂದರೆ ಕೌನ್ಸಿಲ್‌ನ ಕೈಯಲ್ಲಿರುವುದು ಅಂಚು ಮಾತ್ರ. ನಮ್ಮಲ್ಲಿ ಅಷ್ಟೂ ಇಲ್ಲ. ಆದರೂ ಜಗಳ ಮಾಡುವುದಿದ್ದರೆ ನಿಲ್ದಾಣ ಊರಿಗೆ ತಾಗುವ ಅಂಚಿನಲ್ಲೇ ಮಾಡಿ ಅನ್ನುತ್ತೇನೆ.

ಆದರೆ ನಮ್ಮವರು ಜಗಳ ಮಾಡುವುದು ಮುಖಮಂಟಪದ ಬಗ್ಗೆ. 2023ರ ಆಗಸ್ಟ್ 6ರಂದು, ನಿಲ್ದಾಣಗಳನ್ನು ಹೊಸದು ಮಾಡುವ ಅಮೃತ ಭಾರತ ಯೋಜನೆಯ 508 ನಿಲ್ದಾಣಗಳಿಗೆ ಒಟ್ಟಿಗೆ ಶಿಲಾನ್ಯಾಸವಾಯಿತಲ್ಲ, ಕಾಸರಗೋಡೂ ಅದರಲ್ಲಿತ್ತು. ವಾಟ್ಸಾಪಿನಲ್ಲಿ ಚಿತ್ರ ಬಂದದ್ದೇ ತಡ, ಬೇಕಲ ಕೋಟೆಯ ಹಾಗೆ ಕಾಣಬೇಕು, ಹೆಂಚಿನ ಮಾಡು ಬೇಕು ಅಂತ ಚರ್ಚೆಯೋ ಚರ್ಚೆ. ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದವರನ್ನು ನಾನು ಕಾಣಲಿಲ್ಲ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ತೋಡುಗಳೆಲ್ಲ ಪೂರ್ವದ ಗುಡ್ಡದಿಂದ ಪಶ್ಚಿಮಕ್ಕೆ, ಕಡಲಿಗೆ ಹರಿಯುತ್ತವೆ. ಹಳಿ ಮಲಗಿರುವುದು ಉತ್ತರ ದಕ್ಷಿಣವಾಗಿ, ಅವಕ್ಕೆ ಅಡ್ಡ. ಪ್ರತಿ ಹನಿಯೂ ಯಾವುದೋ ಒಂದು ಮೋರಿಯಲ್ಲಿ ನುಸುಳಿಯೇ ದಾಟಬೇಕು. ನಾನಿದ್ದ ಕಡೆ ಒಂದು ಸಣ್ಣ ನಿಲ್ದಾಣದ ಅಂಗಳ ಮೊದಲು ಬರೀ ಹೊಯಿಗೆ. ಅರ್ಧ ಮಳೆಯನ್ನು ಅದೇ ಕುಡಿಯುತ್ತಿತ್ತು. ಒಂದು ಬೇಸಿಗೆಯಲ್ಲಿ ಅದನ್ನು ಒಂದು ಗೇಣು ಎತ್ತರಿಸಿ ಇಂಟರ್‌ಲಾಕ್ ಹಾಸಿದರು. ನೋಡಲು ಚಂದವೇ. ಜೂನ್‌ನಲ್ಲಿ ಎದುರಿನ ಜೆರಾಕ್ಸ್ ಅಂಗಡಿಯವರು ಫೋನ್ ಮಾಡಿ, "ಸಾರ್, ಒಮ್ಮೆ ಬಂದು ನೋಡಿ ಮಾರಾಯ್ರೆ" ಅಂದರು. ಹೋದರೆ ಅಂಗಡಿಯೊಳಗೆ ಕಣಕಾಲು ಮುಳುಗುವಷ್ಟು ನೀರು, ಕಾಗದದ ಬಂಡಲುಗಳೆಲ್ಲ ಸ್ಟೂಲಿನ ಮೇಲೆ.

ಆಮೇಲೆ ಡ್ರಾಯಿಂಗ್ ಹೇಗೋ ಕೈಗೆ ಬಂತು. ಅಂಗಳದ ನೀರು ಹೋಗುವ ದಿಕ್ಕಿಗೆ ನೀಲಿ ಬಾಣ ಹಾಕಿದ್ದರು. ಬಾಣದ ತುದಿ ಸರಿಯಾಗಿ ರೈಲ್ವೆ ಗಡಿಗೆರೆಯ ಮೇಲೆ ನಿಂತಿತ್ತು. ಪಕ್ಕದಲ್ಲಿ "ಈಗಿರುವ ಚರಂಡಿಗೆ" ಎಂಬರ್ಥದ ಎರಡು ಶಬ್ದ. ಆ ಚರಂಡಿ ನಮ್ಮ ಪಂಚಾಯತಿನದ್ದು, ಒಂದು ಅಡಿ ಅಗಲದ್ದು, ಅದೂ ಅಂಗಡಿಗಳ ಚಪ್ಪಡಿಯಡಿ ಮಣ್ಣು ತುಂಬಿ ವರ್ಷಗಳಾಗಿದ್ದವು. ಅವರದ್ದು ಎಷ್ಟು ತಪ್ಪೋ ನಮ್ಮದೂ ಅಷ್ಟೇ ಅನ್ನಿ.

ಇಲ್ಲಿ ಕಾನೂನಿನಲ್ಲಿ ಸ್ವಲ್ಪ ಹಿಡಿ ಸಿಗುತ್ತದೆ. ನಮ್ಮ 1989ರ ರೈಲ್ವೆ ಕಾಯ್ದೆಯದ್ದೇ 16ನೇ ಸೆಕ್ಷನ್ ಪ್ರಕಾರ, ಹಳಿ ಬರುವ ಮೊದಲು ಸುತ್ತಲಿನ ಜಮೀನಿನ ನೀರು ಎಷ್ಟು ಸಲೀಸಾಗಿ ಹರಿಯುತ್ತಿತ್ತೋ ಆದಷ್ಟೂ ಹಾಗೇ ಹರಿಯುವಂತೆ ರೈಲ್ವೆ ಮೋರಿ, ಚರಂಡಿ ಮಾಡಿಕೊಡಬೇಕು. ಅದರ ಅಳತೆ ಸಾಕೋ ಸಾಲದೋ ಎಂಬುದು ರಾಜ್ಯ ಸರ್ಕಾರದ ಅಭಿಪ್ರಾಯಕ್ಕೆ ಬಿಟ್ಟದ್ದು. ಇದನ್ನು ಓದಿ ನಾನು ಕುಣಿದಾಡಿದ್ದೆ. ಮುಂದಿನ ಸಾಲುಗಳನ್ನು ಓದಿರಲಿಲ್ಲ: ಮಾರ್ಗ ತೆರೆದು 10 ವರ್ಷ ಕಳೆದ ಮೇಲೆ ಹೆಚ್ಚುವರಿ ಕೆಲಸದ ಖರ್ಚು ರೈಲ್ವೆಯದ್ದಲ್ಲ. ನಮ್ಮ ಮಾರ್ಗ ಮಂಗಳೂರು ಮುಟ್ಟಿದ್ದು 1907ರಲ್ಲಿ! 17ನೇ ಸೆಕ್ಷನ್ ಪ್ರಕಾರ ಸ್ಥಳೀಯ ಸಂಸ್ಥೆ ಹಳಿಯ ಮೇಲೆ, ಕೆಳಗೆ ರಸ್ತೆಯನ್ನೋ ಬೇರೆ ಕಾಮಗಾರಿಯನ್ನೋ ಕೇಳಬಹುದು. ದುಡ್ಡು ನಮ್ಮದು, ಒಪ್ಪಿಗೆ ಅವರದ್ದು.

ಆದರೆ ಹಳೆಯ ಮೋರಿಯ ಮಾತು ಬೇರೆ, ಇವತ್ತು ಎತ್ತರಿಸುವ ಅಂಗಳದ ಮಾತು ಬೇರೆ. ಹೊಸ ಕೆಲಸದ ಅಂದಾಜುಪಟ್ಟಿಯಲ್ಲೇ ಗಡಿಯಿಂದ ತೋಡಿನವರೆಗಿನ ಚರಂಡಿ ಸೇರಿದರೆ ಖರ್ಚಿನ ಜಗಳವೇ ಏಳುವುದಿಲ್ಲ. ಟೆಂಡರ್ ಆದ ಮೇಲೆ ಕೇಳಿದರೆ ಯಾರೂ ಮುಟ್ಟುವುದಿಲ್ಲ. ಆದ್ದರಿಂದ ಈಗಲೇ 10 ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನಲ್ಲಿ ಜನರಲ್ ಅರೇಂಜ್‌ಮೆಂಟ್ ಡ್ರಾಯಿಂಗ್ (ಯಾವುದು ಎಲ್ಲಿ ಬರುತ್ತದೆ ಅಂತ ತೋರಿಸುವ ಒಟ್ಟು ನಕ್ಷೆ) ಮತ್ತು ಲೆವೆಲ್ ಪಟ್ಟಿ (ನೆಲದ ಎತ್ತರಗಳ ಲೆಕ್ಕ) ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬಂದ ಮೇಲೆ ಬಣ್ಣದ ಚಿತ್ರ ಬದಿಗಿಟ್ಟು ಮೂರು ಕಡೆ ನೋಡಿ: ಬಾಣ ಎಲ್ಲಿ ನಿಲ್ಲುತ್ತದೆ, ರಿಕ್ಷಾ ಸ್ಟ್ಯಾಂಡಿನ ಬಾಯಿ ಪಂಚಾಯತ್ ರಸ್ತೆಗೆ ಯಾವ ತಿರುವಿನಲ್ಲಿ ತೆರೆಯುತ್ತದೆ, ಮೇಲ್ಸೇತುವೆಯ ಪಶ್ಚಿಮದ ಮೆಟ್ಟಿಲು ಪ್ಲಾಟ್‌ಫಾರ್ಮಿನಲ್ಲೇ ಮುಗಿಯುತ್ತದೋ ಆಚೆ ಕಡೆಯವರಿಗೂ ಇಳಿಯುತ್ತದೋ. ಊರಿನ ಎರಡೂ ಬದಿಯನ್ನು ನಿಲ್ದಾಣಕ್ಕೆ ಜೋಡಿಸುವುದು ಅಮೃತ ಭಾರತ ಯೋಜನೆಯ ಉದ್ದೇಶ ಅಂತ ಅವರೇ ಬರೆದುಕೊಂಡಿದ್ದಾರೆ, ಅದನ್ನೇ ಎತ್ತಿ ತೋರಿಸಿ.

ತೊಂದರೆ ಹೇಳಿಕೊಳ್ಳುವ ಮನವಿಯನ್ನು ಕನ್ನಡದಲ್ಲೇ ಬರೆಯಬಹುದು. ಅದಕ್ಕೆ ಅವಕಾಶ ಕೊಡುವ ಸಂವಿಧಾನದ 350ನೇ ವಿಧಿ ರೈಲ್ವೆ ಅಧಿಕಾರಿಗೂ ಅನ್ವಯ. ನಮ್ಮ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೂ ಕನ್ನಡದಲ್ಲೇ ಬರೆಯಬಹುದು. ಪಂಚಾಯತಿನಲ್ಲಿ ಆಡಳಿತ ಸಮಿತಿಯ ನಿರ್ಣಯ ಮಾಡಿಸಿ, ಪ್ರತಿಯನ್ನು ಕಲೆಕ್ಟರ್‌ಗೆ, ಸಂಸದರಿಗೆ ಕೊಡಿ. ನಿರ್ಣಯಕ್ಕೆ ಬಲವಿಲ್ಲ, ಆದರೆ ಮುಂದೆ ಫೈಲಿನಲ್ಲಿ ತಾರೀಕು ಸಮೇತ ಇರುತ್ತದೆ.

ಜೆರಾಕ್ಸ್ ಅಂಗಡಿಯ ಎದುರಿನ ಚರಂಡಿ ಕೊನೆಗೆ ಪಂಚಾಯತ್ ಫಂಡಿನಲ್ಲೇ ಅಗಲವಾಯಿತು, ಎರಡು ಮಳೆಗಾಲ ಕಳೆದು. ಎಸ್ಟಿಮೇಟ್ ಬರೆದವನು ನಾನೇ. ನಿಮ್ಮದು ಯಾವ ನಿಲ್ದಾಣ ಅಂತ ಬರೆಯಿರಿ, ಅಲ್ಲಿನ ತೋಡು ಯಾವ ಮೋರಿಯಲ್ಲಿ ದಾಟುತ್ತದೆ ಅಂತ ನೆನಪಿದ್ದರೆ ಹೇಳುತ್ತೇನೆ.